ಖೂನ ಬದಲಿಸಿದ್ದು

ಅವ್ವ ಅಪ್ಪನನ್ನು ಮಾಮಾ ಎಂದೇ ಕರೆಯುತ್ತಿದ್ದಳು. "ಮಾಮಾ, ಊಟಕ್ಕ ಬರ್ರಿ," "ಮಾಮಾ, ಹಾಲಿನವ ಬಂದಾನ ನೋಡ್ರಿ." ಅಪ್ಪ ಅವಳ ಸ್ವಂತ ಸೋದರಮಾವ. ಮಾತು ಬಂದಾಗಿನಿಂದ ಹಾಗೆ ಕರೆದ ಬಾಯಿಗೆ, ಮದುವೆಯಾಯಿತೆಂದು ಬೇರೆ ರೂಢಿ ಬರಲಿಲ್ಲ. ಧಾರವಾಡದಲ್ಲಿ ಇದು ಯಾರಿಗೂ ವಿಶೇಷವಾಗಿ ಕಂಡಿರಲಿಲ್ಲ. ಅಪ್ಪನಿಗೆ ಬ್ಯಾಂಕಿನಿಂದ ನಾಸಿಕಕ್ಕೆ ವರ್ಗವಾಗಿ, ನಾವು ಪಂಚವಟಿಯ ಒಂದು ಹಳೆಯ ವಾಡೆಯ ಮೇಲಿನ ಎರಡು ಕೋಣೆಗಳಿಗೆ ಬಂದ ಮೇಲೆ ತಮಾಷೆ ಶುರುವಾಯಿತು. ಮೂರು ತಿಂಗಳು ಸುಮ್ಮನೆ ನೋಡಿದ ಪಕ್ಕದ ಮನೆಯ ಕಾಕೂ ಒಂದು ದಿನ ಮೆಲ್ಲಗೆ ಕೇಳಿದರು, "ತುಮಚೇ ಮಾಮಾ ಫಾರ್ ಚಾಂಗಲೇ ಆಹೇತ. ಪಣ ಮಿಸ್ಟರ್ ಕುಠೇ ಅಸತಾತ?" ಮಾಮಾ ಬಹಳ ಒಳ್ಳೆಯವರು, ಆದರೆ ಗಂಡ ಎಲ್ಲಿರುತ್ತಾರೆ ಎಂದು. ಅವ್ವ ತನಗೆ ಬರುವಷ್ಟು ಮರಾಠಿಯಲ್ಲಿ, "ತೇಚ ಮಾಮಾ, ತೇಚ ಮಿಸ್ಟರ್," ಎಂದಳು. ಅವರೇ ಮಾಮಾ, ಅವರೇ ಗಂಡ ಎಂದು. ಕಾಕೂ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ನಾನು ಆಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುಂದೆ ನನ್ನ ಸರದಿ ಬರುವುದಿತ್ತು ಎಂಬ ನೆನಪು ಇದ್ದಿದ್ದರೆ ಅಷ್ಟು ನಗುತ್ತಿರಲಿಲ್ಲವೇನೋ.

ಅವ್ವನ ಅವ್ವ, ಅಂದರೆ ನನ್ನ ಅಜ್ಜಿ, ಅಪ್ಪನಿಗೆ ಅಕ್ಕ ಕೂಡ. ಅವಳೂ ತನ್ನ ಸೋದರಮಾವನನ್ನೇ ಮದುವೆಯಾದವಳು. ನಾನು ತೊಟ್ಟಿಲಲ್ಲಿದ್ದಾಗಲೇ ಅವಳು ನನ್ನನ್ನು ತನ್ನ ಕೊನೆಯ ಮಗನಿಗೆ ಎಂದು ಗೊತ್ತು ಮಾಡಿಟ್ಟಿದ್ದಳು. ಇನ್ನು ಮುಂದೆ ನಾನು ಮಾಮಾ ಎಂದರೆ ಈ ನನ್ನ ಮಾಮಾ. ನನಗಿಂತ ಆರು ವರ್ಷ ದೊಡ್ಡವನು, ನನಗೆ ಸೈಕಲ್ ಕಲಿಸಿದವನು, ನನ್ನ ಮೂಗು ಒರೆಸಿದವನು. ಎಂಬತ್ತರ ದಶಕದ ಕೊನೆಯಲ್ಲಿ ಅವನಿಗೆ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಕೇಂದ್ರ ಸರಕಾರದ ನೌಕರಿ ಸಿಕ್ಕಿತ್ತು. ಅಜ್ಜಿ ಅವನಿಗೆ ಅಡುಗೆ ಮಾಡಿ ಹಾಕಲು ಜೊತೆಗೆ ಹೋಗಿದ್ದಳು. ನಾನು ನಾಸಿಕದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಪ್ರಾಣಿಶಾಸ್ತ್ರ. ಪರೀಕ್ಷೆ ಮುಗಿದ ಕೂಡಲೇ ಅಕ್ಷತೆ ಎಂದು ತೀರ್ಮಾನವಾಗಿತ್ತು.

ನನಗೆ ಈ ಮದುವೆ ಬೇಡವಾಗಿತ್ತು. ಅವನಿಗೂ ಬೇಡವಾಗಿತ್ತು. "ನಿನ್ನ ಮಾರಿ ನೋಡಿದರ ನನಗ ನಗಿ ಬರ್ತದ," ಎಂದು ಅವನು ಒಂದು ಪತ್ರದಲ್ಲಿ ಬರೆದಿದ್ದ. "ಅಕ್ಷತಿ ಬೀಳೂ ಮುಂದ ನಕ್ಕಬಿಟ್ಟರ ಏನ ಮಾಡೂದು? ಆದರ ಅವ್ವಗ ಹೇಳಾವ್ರು ಯಾರು?" ನಮ್ಮ ಮನೆಯಲ್ಲಿ ಅಜ್ಜಿಗೆ ಇಲ್ಲ ಎಂದವರು ಯಾರೂ ಇರಲಿಲ್ಲ. ಅಪ್ಪನಿಗಂತೂ ಅಕ್ಕನೂ ಅವಳೇ, ಅತ್ತೆಯೂ ಅವಳೇ. ಅವನಿಂದ ಆಗುವ ಮಾತಲ್ಲ.

ಮಾಮಾನಿಗೆ ಇನ್ನೊಂದು ಚಿಂತೆಯೂ ಇತ್ತು, ಪಾರಿವಾಳದ್ದು. ಔರಂಗಾಬಾದಿಗೆ ಬಂದ ವರ್ಷವೇ ಒಂದು ಜೋಡಿ ಬಿಳಿ ಲಕ್ಕಾ ತಂದಿದ್ದ. ಲಕ್ಕಾ ಎಂದರೆ ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚಿಕೊಂಡು, ಎದೆ ಉಬ್ಬಿಸಿ ನಡೆಯುವ ಜಾತಿ. ಮನೆಯ ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ, ಹಾಲಿನಂಥ ಬಿಳಿ ಹಿಂಡೊಂದು ಇರಬೇಕೆಂಬುದು ಅವನ ಹಟ. ಬೇರೆ ಬಣ್ಣ ಬೆರೆಯಬಾರದೆಂದು ಹೊರಗಿನ ಒಂದು ಹಕ್ಕಿಯನ್ನೂ ಸೇರಿಸಲಿಲ್ಲ. ಅಣ್ಣನಿಗೆ ತಂಗಿ, ಅಪ್ಪನಿಗೆ ಮಗಳು, ಹೀಗೆಯೇ ಜೋಡಿ ಹಾಕಿದ. ಗುರುತಿಗೆಂದು ಒಂದೊಂದರ ಕಾಲಿಗೆ ಒಂದೊಂದು ಬಣ್ಣದ ದಾರ ಕಟ್ಟಿದ. ಮೊದಲು ಎಲ್ಲ ಚೆನ್ನಾಗಿತ್ತು. ಮೂರನೆಯ ವರ್ಷಕ್ಕೆ ಮೊಟ್ಟೆಗಳು ಕಾವು ಕೊಟ್ಟರೂ ಒಡೆಯದಾದವು. ಕೆಲವು ಮರಿಗಳು ಮೊಟ್ಟೆಯೊಳಗೇ ಸತ್ತವು. ಹೊರಗೆ ಬಂದವು ಕಾಲು ಅಗಲಿಸಿಕೊಂಡು ಬಿದ್ದಿರುತ್ತಿದ್ದವು, ಎದ್ದು ನಿಲ್ಲಲು ಆಗುತ್ತಿರಲಿಲ್ಲ.

ಊರಿನ ಕೋಟೆಗೋಡೆಯ ಹಳೆಯ ದರವಾಜಾ ಒಂದರ ಒಳಗಿನ ಗಲ್ಲಿಯಲ್ಲಿ ಪಾರಿವಾಳ ಸಾಕುವ ಮುದುಕರೊಬ್ಬರಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಮಾಮಾ ಹೋಗಿ ಗೋಳು ಹೇಳಿಕೊಂಡ. ಅವರು ಪೂರ್ತಿ ಕೇಳಿ ಎರಡೇ ಮಾತು ಹೇಳಿದರು: "ಖೂನ್ ಬದಲೋ."

ಮಾಮಾ ಮನೆಗೆ ಬಂದು ಪಾರಿವಾಳಗಳ ಕಾಲಿನ ದಾರಗಳನ್ನೆಲ್ಲ ಬಿಚ್ಚಿ, ಕೆಂಪಿದ್ದವಕ್ಕೆ ಹಳದಿ, ಹಸಿರಿದ್ದವಕ್ಕೆ ನೀಲಿ ಕಟ್ಟಿದ. ನಮ್ಮ ಧಾರವಾಡದ ಮಾತಿನಲ್ಲಿ ಖೂನ ಎಂದರೆ ಗುರುತು. ಉಸ್ತಾದರು ಖೂನ ಬದಲಿಸು ಎಂದಿದ್ದಾರೆ, ಬದಲಿಸಿದ್ದಾಯಿತು. ಏನೋ ದೃಷ್ಟಿಯ ದೋಷವಿರಬೇಕು, ಹಳೆಯ ಮಂದಿಗೆ ಗೊತ್ತಿರುತ್ತದೆ ಎಂದುಕೊಂಡು ಎರಡು ತಿಂಗಳು ಕಾದ. ದೀಪಾವಳಿ ರಜೆಗೆ ನಾನು ಹೋದಾಗ ಪೆಚ್ಚು ಮೋರೆ ಹಾಕಿಕೊಂಡು ಹೇಳಿದ, "ಎಲ್ಲಾವ್ರದೂ ಖೂನ ಬದಲಿ ಮಾಡೀನಿ. ಏನೂ ಉಪಯೋಗ ಆಗಲಿಲ್ಲ."

ಇಬ್ಬರೂ ಉಸ್ತಾದರ ಬಳಿ ಹೋದೆವು. ಖೂನ್ ಬದಲಿಸಿದೆಯಾ ಎಂದು ಅವರು ಕೇಳಿದರು. ಹೌದು, ಹಳದಿ ದಾರ ಕಟ್ಟಿದ್ದೇನೆ ಎಂದ ಮಾಮಾ. ಅವರು ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಮುಂಗೈಯ ನರವನ್ನು ಬೆರಳಿನಿಂದ ತಟ್ಟಿ, "ಧಾಗಾ ನಹೀ ಬೇಟಾ, ಖೂನ್. ಸಬ್ ಏಕ್ ಹೀ ಘರ್ ಕಾ ಖೂನ್ ಹೈ. ಬಾಹರ್ ಸೇ ಲಾವ್," ಎಂದರು. ದಾರವಲ್ಲ, ರಕ್ತ; ಎಲ್ಲವೂ ಒಂದೇ ಮನೆಯ ರಕ್ತ, ಹೊರಗಿನಿಂದ ತಾ ಎಂದು. ನಾನು ನಗು ತಡೆಯಲಾರದೆ ಅವರ ಕಾಳಿನ ಚೀಲದ ಮೇಲೆ ಕುಳಿತೆ. ನಮ್ಮ ಪ್ರಾಧ್ಯಾಪಕರು ಒಂದಿಡೀ ವರ್ಷ ಹಲಗೆಯ ತುಂಬ ಬರೆದು ಕಲಿಸಿದ್ದು ಅದೇ. ಒಂದೇ ರಕ್ತದೊಳಗೆ ಸಂತಾನ ಬೆಳೆಸುತ್ತ ಹೋದರೆ ಅಡಗಿದ್ದ ದೋಷ ಮೇಲೆ ಬರುತ್ತದೆ, ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ, ಮರಿ ಬಡವಾಗುತ್ತದೆ. ಹೊರಗಿನದೊಂದು ಸೇರಿದರೆ ಮತ್ತೆ ಕಳೆ ಬರುತ್ತದೆ.

ಮನೆಗೆ ನಡೆದು ಬರುವಾಗ ಇದನ್ನೇ ಅವನಿಗೆ ಬಿಡಿಸಿ ಹೇಳಿದೆ. ಅವನು ಕೇಳಿದ, "ಇದು ಪಾರಿವಾಳಕ್ಕಷ್ಟ ಏನು?"

"ಸುಮ್ನ ನಡಿ," ಎಂದೆ. ನನಗೂ ಅದೇ ಯೋಚನೆ ಬಂದಿತ್ತು.

ಡಿಸೆಂಬರಿನಲ್ಲಿ ಪಂಚವಟಿಯ ನಮ್ಮ ಗಲ್ಲಿಯ ಪುರೋಹಿತರ ಮನೆಯಿಂದ ಬೂದು ಬಣ್ಣದ, ಚುಕ್ಕೆ ಚುಕ್ಕೆಯ ಗಂಡು ಲಕ್ಕಾ ಒಂದನ್ನು ಬೇಡಿ ತಂದೆ. ಬುಟ್ಟಿಯಲ್ಲಿಟ್ಟುಕೊಂಡು ಎಸ್.ಟಿ. ಬಸ್ಸು ಹತ್ತಿದೆ. ಬುಟ್ಟಿಯೊಳಗೆ ಗುಟುರು ಕೇಳಿ ಕಂಡಕ್ಟರ್ "ಕಾಯ್ ಆಹೇ?" ಎಂದ. "ಜಾವಈ," ಎಂದೆ. ಅಳಿಯ ಎಂದ ಮೇಲೆ ಅವನೇನು ಹೇಳಿಯಾನು. ದಾರಿಯುದ್ದಕ್ಕೂ ಅಳಿಯ ನನ್ನ ತೊಡೆಯ ಮೇಲೆಯೇ ಬಂತು.

ಅಜ್ಜಿಗೆ ಅದು ಸೇರಲಿಲ್ಲ. "ಹಾಲಿನಂಥಾ ಮನಿತನದಾಗ ಈ ಬೂದಿಬಡಕನ್ನ ತಂದಿಯಲ್ಲ," ಎಂದು ಗೊಣಗಿದಳು. ಆದರೆ ಬೂದಿಬಡಕನ ಠೀವಿ ನೋಡುವಂತಿತ್ತು. ನಾಲ್ಕನೆಯ ದಿನಕ್ಕೆ ಬಿಳಿಯ ಹೆಣ್ಣೊಂದು ಒಲಿಯಿತು. ನಾನು ನಾಸಿಕಕ್ಕೆ ಮರಳಿದ ಮೇಲೆ ಮಾಮಾನ ಕಾರ್ಡುಗಳಲ್ಲಿ ಅಜ್ಜಿಯ ವರದಿ ಬರತೊಡಗಿತು. ಅವ್ವ ದಿನಾ ಗಚ್ಚಿ ಹತ್ತತಾಳ. ಎರಡು ತತ್ತಿ ಇಟ್ಟದ, ಅವ್ವ ಕ್ಯಾಲೆಂಡರದಾಗ ಗೆರಿ ಹಾಕ್ಯಾಳ. ಎರಡೂ ಒಡದಾವ, ಅವ್ವ ಓಣಿಗೆಲ್ಲಾ ಸಕ್ಕರಿ ಹಂಚ್ಯಾಳ.

ಏಪ್ರಿಲಿನಲ್ಲಿ ಪರೀಕ್ಷೆ ಮುಗಿಸಿ ಹೋದೆ. ಮುಹೂರ್ತದ ಮಾತು ಆಗಬೇಕಿತ್ತು. ಹೇಗಾದರೂ ಇಲ್ಲ ಎನ್ನಬೇಕೆಂದು ಬಸ್ಸಿನಲ್ಲಿ ಹತ್ತು ಸಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮರುದಿನ ಬೆಳಿಗ್ಗೆ ಗಚ್ಚಿಯ ಮೇಲೆ ಅಜ್ಜಿ ಜೋಳ ಚೆಲ್ಲುತ್ತ ಕುಳಿತಿದ್ದಳು. ಎರಡು ಸಲಕ್ಕೆ ಹುಟ್ಟಿದ ನಾಲ್ಕು ಮರಿಗಳೂ ಅವಳ ಸುತ್ತ ಇದ್ದವು, ದುಂಡಗೆ, ಚುಕ್ಕೆ ಚುಕ್ಕೆಯಾಗಿ. ಒಂದಂತೂ ಅವಳ ಅಂಗೈಯಿಂದಲೇ ಕಾಳು ತಿನ್ನುತ್ತಿತ್ತು.

"ನಾಕಕ್ಕ ನಾಕೂ ಉಳದಾವ," ಎಂದಳು. "ಬಿಳೇವು ಯಾಕ ಉಳೀಲಿಲ್ಲ? ನೀ ಓದಿದಾಕಿ, ಹೇಳು."

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಅವಳು ಹಳೆಯ ಸೀರೆಗಳ ಕೌದಿ ಹೊಲಿಯುವುದರಲ್ಲಿ ಗಟ್ಟಿಗಿತ್ತಿ, ಅದರಲ್ಲೇ ಹೇಳಿದೆ. "ಕೌದಿಗೆ ಎರಡು ಪದರು ಇರ್ತಾವಲ್ಲ ಅಜ್ಜಿ, ಜೀವಕ್ಕೂ ಹಂಗ. ಒಂದು ಅವ್ವಂದು, ಒಂದು ಅಪ್ಪಂದು. ಎಲ್ಲಾರ ಪದರಿನ್ಯಾಗೂ ಒಂದೆರಡು ತೂತು ಇರ್ತಾವ. ಎರಡು ಪದರೂ ಬ್ಯಾರೆ ಬ್ಯಾರೆ ಸೀರಿದಿದ್ದರ ಒಂದರ ತೂತು ಇನ್ನೊಂದು ಮುಚ್ಚತದ. ಎರಡೂ ಒಂದ ಸೀರಿಯಿಂದ ಕೊಯ್ದವಾದರ, ತೂತಿನ ಮ್ಯಾಲೆ ತೂತು ಬರಬಹುದು."

ಅಜ್ಜಿ ಕೈ ಝಾಡಿಸಿದಳು.

"ನಿಮ್ಮವ್ವನಕಿಂತ ಮದಲ ನನಗ ಎರಡು ಕೂಸು ಇದ್ವು," ಎಂದಳು. ಅದು ನನಗೆ ಗೊತ್ತೇ ಇರಲಿಲ್ಲ. "ಎರಡೂ ತೊಟ್ಟಲದಾಗ ಹೋದ್ವು. ಇಕಿ ಹಾಲ ಛಲೋ ಇಲ್ಲ ಅಂದ್ರು." ಹಾಗೆ ಅಂದವರು ಅವಳ ಅತ್ತೆ. ಸೋದರಮಾವನನ್ನು ಮದುವೆಯಾದವಳಿಗೆ ಅತ್ತೆ ಎಂದರೆ ಸ್ವಂತ ಅಜ್ಜಿಯೇ. "ನಾನೂ ಖರೇ ಅಂತ ತಿಳಕೊಂಡಿದ್ದೆ. ನಿಮ್ಮವ್ವಗ ಹಾಲು ಕುಡಸೂ ಮುಂದ ದಿನಾ ಇದೂ ಹೋದೀತು ಅಂತ ಅಂಜತಿದ್ದೆ. ಅದಕ್ಕ ನಿನ್ನ ಪುಸ್ತಕ ಏನಂತದ?"

ಸುಳ್ಳು ಹೇಳಬಾರದು ಎನಿಸಿತು. "ಆ ಕೂಸುಗೋಳು ಯಾಕ ಹೋದ್ವು ಅಂತ ಪುಸ್ತಕ ಹೇಳಂಗಿಲ್ಲ ಅಜ್ಜಿ. ಇದ ಇರಬಹುದು, ಬ್ಯಾರೆ ಜಡ್ಡೂ ಇರಬಹುದು. ಆದರ ನಿನ್ನ ಹಾಲಂತೂ ಅಲ್ಲ. ಅದ ಹಾಲು ಕುಡದು ಅವ್ವ ಬೆಳದಾಳ, ಮಾಮಾ ಬೆಳದಾನ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೆಳಗಿಳಿದು ಹೋದಳು. ಮಧ್ಯಾಹ್ನ ಮಾಮಾನನ್ನು ಕೂರಿಸಿಕೊಂಡು ನಾಸಿಕಕ್ಕೆ, ಅಪ್ಪನಿಗೆ, ಕಾರ್ಡು ಬರೆಸಿದಳು: ಹುಡುಗಿಗೆ ಹೊರಗಿನ ವರ ನೋಡು. ಇಲ್ಲಿ ಖೂನ ಬದಲಿಸೋದದ. ಮಾಮಾ ಬರೆದು ಮುಗಿಸಿದವನೇ ಅದನ್ನು ಟಪಾಲು ಡಬ್ಬಿಗೆ ಹಾಕಲು ಓಡಿದ. ನಾನು ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ಒತ್ತಿಕೊಂಡು ಕುಣಿದೆ.

ಮೂರನೆಯ ದಿನ ಅಪ್ಪ ಗಾಬರಿಯಾಗಿ ಬಂದಿಳಿದ. ಇಷ್ಟು ವರ್ಷ ನಾಸಿಕದ ನೀರು ಕುಡಿದವನ ಕಿವಿಗೆ ಖೂನ ಎಂದರೆ ಮರಾಠಿಯ ಕೊಲೆ. "ಅಕ್ಕಾ, ಯಾರ ಖೂನ ಆತು?" ಎಂದು ಬಾಗಿಲಲ್ಲೇ ಕೇಳಿದ. ನಮ್ಮ ನಗು ನಿಲ್ಲುವವರೆಗೆ ಅವನಿಗೆ ನೀರು ಕೊಡುವವರೂ ಇರಲಿಲ್ಲ.

ಎರಡು ವರ್ಷದ ಮೇಲೆ ನನ್ನ ಮದುವೆಯಾಯಿತು, ನಮಗೆ ಯಾವ ದಾರಿಯಿಂದಲೂ ನೆಂಟರಲ್ಲದ ಮನೆಯ ಹುಡುಗನ ಜೊತೆ. ಮಾಮಾನದೂ ಆಯಿತು. ನನ್ನ ಮಗಳ ಹೆಸರಿಡುವ ದಿನ ಪಂಚವಟಿಯ ವಾಡೆಯಲ್ಲಿ ಅಜ್ಜಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ಕಾಕೂ ಮೊದಲುಗೊಂಡು ಓಣಿಯ ಹೆಂಗಸರೆಲ್ಲ ಸುತ್ತ ಸೇರಿದ್ದರು, ಕನ್ನಡ ಯಾರಿಗೂ ಬರುತ್ತಿರಲಿಲ್ಲ. ಯಾರೂ ಏನೂ ಕೇಳದಿದ್ದರೂ ಅಜ್ಜಿ ಅವರಿಗೆ ಹೇಳಿದಳು, "ನನ್ನ ಹಾಲ ಛಲೋನ ಇತ್ತವಾ."