ಏಳನೇ ತಟ್ಟೆ

ಹಲ್ಲಿನ ಡಾಕ್ಟರ ಬಳಿ ಕಾಂಪೌಂಡರ್ ಆಗಿ ಇಪ್ಪತ್ತೆರಡು ವರ್ಷ ಸವೆಸಿದ ಆತನಿಗೆ, ತನಗೆ ಡಾಕ್ಟರಿಗಿಂತ ಅರ್ಧ ಗೇಣು ಹೆಚ್ಚೇ ಗೊತ್ತು ಎಂಬ ನಂಬಿಕೆ. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರು ಎದುರಾಡಲಾರರಾದ್ದರಿಂದ ಆ ನಂಬಿಕೆಗೆ ಎಂದೂ ಪೆಟ್ಟು ಬಿದ್ದಿರಲಿಲ್ಲ. ಮನೆಯಲ್ಲಿ ಹೆಂಡತಿಗೂ ಬಾಯಿ ಶುಚಿಯ ಪಾಠ ತಪ್ಪಿದ್ದಲ್ಲ. ಆಕೆ "ಹೂಂ" ಎಂದು ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಅಣ್ಣನ ಮಗಳು ಕಾಲೇಜಿನ ಪ್ರಯೋಗಕ್ಕೆ ಎಂಟು ಬಾಯಿ ಬೇಕೆಂದಾಗ ಈತನೇ ಮೊದಲು ಬಾಯಿ ಒಡ್ಡಿದ. ಮೌತ್‌ವಾಶ್ ಮುಕ್ಕಳಿಸಿದ ಮೇಲೆ ಹತ್ತಿಕಡ್ಡಿಯಿಂದ ನಾಲಿಗೆ ಸವರಿ, ಹೆಪ್ಪುಗಟ್ಟಿದ ಗಂಜಿಯಂಥದ್ದು ತುಂಬಿದ ಮುಚ್ಚಳವಿರುವ ಪುಟ್ಟ ಗಾಜಿನ ತಟ್ಟೆಗೆ ಅದನ್ನು ತೀಡುವುದು. ಎರಡು ದಿನ ಬೆಚ್ಚಗಿಟ್ಟರೆ ಬಾಯಲ್ಲಿ ಉಳಿದ ಬ್ಯಾಕ್ಟೀರಿಯಾ ಚುಕ್ಕೆಗಳಾಗಿ ಬೆಳೆಯುತ್ತವೆ. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಬಲ್ಬು ಹಾಕಿದ ಡಬ್ಬಿಯೊಳಗೆ ತಟ್ಟೆಗಳು ಕೂತವು. ಏಳನೇ ನಂಬರಿನದು ಈತನದು, ಎಂಟನೆಯದು ಹೆಂಡತಿಯದು.

ಮೂರನೇ ಬೆಳಿಗ್ಗೆ ಹುಡುಗಿ ಬರುವ ಮುಂಚೆ ಇಣುಕಿದ. ಏಳರಲ್ಲಿ ಚುಕ್ಕೆಗಳಿಗೆ ಕಾಲಿಡಲು ಜಾಗವಿಲ್ಲ. ಎಂಟು ಬಹುತೇಕ ಖಾಲಿ. ಹೆಂಡತಿಗೆ ತಿಳಿದರೆ? ನಂಬರಿದ್ದದ್ದು ಮೇಲುಗಡೆ. ಮುಚ್ಚಳ ಅದಲು ಬದಲು ಮಾಡಿದರಾಯಿತು! ಕಣ್ಣು ಬಾಗಿಲ ಮೇಲಿಟ್ಟು, ಕೈ ಮಾತ್ರ ಆಡಿಸಿ ಕೆಲಸ ಮುಗಿಸಿದ.

ಹುಡುಗಿ ನೋಟ್‌ಬುಕ್ಕಿನೊಂದಿಗೆ ಬಂದು, ಡಬ್ಬಿಯನ್ನು ರೋಗಿಗಳ ಕುರ್ಚಿಯ ಪಕ್ಕದ ಮೇಜಿಗೆ ತಂದಿಟ್ಟಳು. "ಚಿಕ್ಕಪ್ಪಾ, ಮಧ್ಯಾಹ್ನಾನೇ ಮೇಡಂಗೆ ಕೊಡಬೇಕು. ಒಂದು ತಟ್ಟೆ ಕೆಟ್ರೂ ನನ್ನ ಪ್ರಯೋಗ ಮುಗೀತು. ಇನ್ನೊಂದ್ಸಲ ಮಾಡೋಕೆ ಟೈಮಿಲ್ಲ."

ಒಂದರಿಂದ ಆರರವರೆಗೆ ಎಣಿಕೆ ಮುಗಿಯಿತು. ಅವಳು ಏಳಕ್ಕೆ ಕೈ ಹಾಕಿದಾಗ ತಡೆಯಲಾರದೆ, "ನಿಲ್ಲಮ್ಮಾ, ನಾನೊಂದು ಕತ್ತೆ ಕೆಲಸ ಮಾಡಿದೀನಿ," ಎಂದು ಎಲ್ಲ ಒಪ್ಪಿಕೊಂಡ.

ಅವಳು ಗಾಬರಿಯಿಂದ ತಟ್ಟೆ ಎತ್ತಿ ನೋಡಿದಳು. ಆಮೇಲೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಚಿಕ್ಕಪ್ಪಾ! ತಟ್ಟೆಗಳನ್ನ ಮಗುಚಿ ಇಟ್ಟಿದ್ದೆ, ಮುಚ್ಚಳದ ನೀರು ಒಳಗೆ ತೊಟ್ಟಿಕ್ಕಬಾರದು ಅಂತ. ಮೇಲಿದ್ದದ್ದು ತಳ! ನಂಬರ್ ಬರೆದಿರೋದೂ ತಳಕ್ಕೇ, ಚುಕ್ಕೆ ಅಂಟಿರೋದೂ ತಳಕ್ಕೇ. ನೀವು ಮುಚ್ಚಳ ಅಂತ ಎತ್ತಿದ್ದು ತಳಾನೇ. ನಂಬರ್ ಜೊತೆ ಚುಕ್ಕೆನೂ ಹೋಯ್ತು, ಬದಲಾಗಿದ್ದು ಬರೀ ಮುಚ್ಚಳ."

"ಅಂದ್ರೆ... ಏನೂ ಕೆಟ್ಟಿಲ್ವಾ?"

"ಇಲ್ಲ. ಬೆಳೆದಾದ ಮೇಲೆ ಒಂದು ಗಳಿಗೆ ತೆರೆದ್ರೆ ಲೆಕ್ಕ ಬದಲಾಗಲ್ಲ. ತೆರೆದಿದ್ರು ಅಂತ ಮಾತ್ರ ಬರೀತೀನಿ."

ಆತ ರೋಗಿಗಳ ಕುರ್ಚಿಯಲ್ಲೇ ಕೂತುಬಿಟ್ಟ.

ಹುಡುಗಿ ಎಣಿಸಿ ಹೇಳಿದಳು: "ಏಳು, ನೂರಾ ಹದಿನಾರು. ಎಂಟು, ಹತ್ತೊಂಬತ್ತು."

"ಔಷಧೀನೇ ಸರಿಯಿರಲಿಲ್ವೇನೋ?"

"ಔಷಧಿ ಸರಿಯಿತ್ತು. ಅರ್ಧ ನಿಮಿಷ ಬಾಯಲ್ಲಿಟ್ಕೊಳ್ಳಿ ಅಂದೆ. ಚಿಕ್ಕಮ್ಮ ಇಟ್ಕೊಂಡ್ರು. ನೀವು, ಹೇಗೆ ಮುಕ್ಕಳಿಸಬೇಕು ಅಂತ ಅವರಿಗೆ ಹೇಳೋ ಅವಸರದಲ್ಲಿ ಐದೇ ಸೆಕೆಂಡಿಗೆ ಉಗಿದ್ರಿ."

ಆತ ಜೇಬಿಗೆ ಕೈ ಹಾಕಿದ. ಮೈ ಹಗುರವಾಗಿತ್ತು.

"ಬರ್ಕೋ ತಾಯಿ, ನೂರಾ ಹದಿನಾರೂ ಬರ್ಕೋ," ಎಂದು ಪೆನ್ನು ತೆಗೆದುಕೊಟ್ಟ. "ಒಂದನ್ನೂ ಬಿಡಬೇಡ."