ಬಿಡುಗಡೆಯ ಔತಣ

ವೈಕಿಂಗರ ಬಗ್ಗೆ ನನಗಿದ್ದ ಜ್ಞಾನವೆಲ್ಲ ಅವರ ಕೊಂಬಿನ ಶಿರಸ್ತ್ರಾಣದ್ದು. ಅವರು ಕೊಂಬು ಇಟ್ಟುಕೊಳ್ಳುತ್ತಲೇ ಇರಲಿಲ್ಲ ಎಂದು ಈಚೆಗೆ ಓದಿದಾಗ ಬೇಸರವೇ ಆಯಿತು. ಇಟ್ಟುಕೊಂಡಿದ್ದದ್ದು ಗುಲಾಮರನ್ನು. ಸ್ವತಂತ್ರ ರೈತ ಊರ ಸಭೆಯಲ್ಲಿ ಬಾಯಿ ತೆರೆಯಬಹುದಿತ್ತು. ಗುಲಾಮನ ಲೆಕ್ಕ ದನಕರುಗಳ ಜೊತೆಗೆ.

ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ನಾನು ಹಳೆಯ ನಾರ್ವೆಯ ಒಂದು ಪದ್ಧತಿಯನ್ನೂ ಬರೆದಿಟ್ಟುಕೊಂಡೆ. ಬಿಡುಗಡೆಯಾಗುವ ಗುಲಾಮ ತಾನೇ ಬಿಯರ್ ತಯಾರಿಸಿ, ಒಡೆಯನನ್ನು ಕರೆದು ಔತಣ ಕೊಡಬೇಕು. ಅದಾದ ಮೇಲೂ ಒಡೆಯನ ಹಂಗು ಪೂರ್ತಿ ಹರಿಯುವುದಿಲ್ಲ. ಅಮ್ಮನಿಗೆ ಓದಿ ಹೇಳಿದೆ. "ಅಯ್ಯೋ, ಎಂಥ ಕಾಡುಜನ!" ಎಂದರು.

ಅದೇ ವಾರ ನಮ್ಮ ಮನೆಗೆಲಸದ ವಂಜಿಕು ಕೆಲಸ ಬಿಡುವುದಾಗಿ ಹೇಳಿದಳು. ಈ ಪರದೇಶದಲ್ಲಿ, ಸೌತ್ ಸಿ ಬಡಾವಣೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು ನನ್ನ ತಂಗಿಯನ್ನು ಎತ್ತಿ ಆಡಿಸಿದವಳು; ಚಿತ್ರಾನ್ನವನ್ನೂ ಕನ್ನಡವನ್ನೂ ನಮ್ಮಿಂದ ಕಲಿತವಳು. ಊರಿನ ಆಚೆ ಬದಿಯ ಪಂಗಾನಿಯಲ್ಲಿ ತನ್ನ ಅಕ್ಕನ ಜೊತೆ ಮಂದಾಜಿ ಅಂಗಡಿ ಇಡುತ್ತಾಳಂತೆ. ಮಂದಾಜಿ ಎಂದರೆ ನಮ್ಮ ಮಂಗಳೂರು ಬನ್ಸ್‌ನ ಹತ್ತಿರದ ನೆಂಟ.

"ಅವಳು ಕೆಲಸದವಳಲ್ಲ, ಮನೆಯವಳು" ಎಂದು ಅಮ್ಮ ಬೀಳ್ಕೊಡುಗೆಯ ಊಟ ಇಟ್ಟುಕೊಂಡರು. ಪರಿಚಯದ ಕನ್ನಡದವರನ್ನೆಲ್ಲ ಕರೆದರು. ಒಂದೇ ತೊಡಕು: ಅಷ್ಟು ಜನಕ್ಕೆ ಅಡುಗೆ ಮಾಡಬಲ್ಲವಳು ನಮ್ಮ ಮನೆಯಲ್ಲಿ ವಂಜಿಕು ಒಬ್ಬಳೇ.

"ಚಪಾತಿ ನೀನೇ ಲಟ್ಟಿಸಿಬಿಡೇ. ನಿನ್ನ ಕೈರುಚಿ ನಂಗೆ ಬರಲ್ಲ."

"ಸವಾ, ಅಮ್ಮಾ." ಅವಳ ಭಾಷೆಯಲ್ಲಿ ಸವಾ ಎಂದರೆ ಆಗಲಿ.

ಅವಳ ಗುಣಗಾನ ಹಾಲ್‌ನಲ್ಲಿ ನಡೆಯಿತು. ಅವಳು ಒಲೆಯ ಮುಂದಿದ್ದಳು. "ಕೆಲಸದವರನ್ನ ನಿಮ್ಮಷ್ಟು ಚೆನ್ನಾಗಿ ಯಾರ್ರೀ ನೋಡ್ಕೋತಾರೆ?" ಎಂದು ಶಾಂತಾ ಆಂಟಿ ಅಮ್ಮನನ್ನೇ ಅಭಿನಂದಿಸಿದರು. ಪಾತ್ರೆ ತೊಳೆದು ಮುಗಿಸಿದ ಮೇಲೆ ವಂಜಿಕುವಿಗೆ ಉಡುಗೊರೆ ಸಿಕ್ಕಿತು.

"ಗೆಸ್ಟ್ ಬಂದಾಗ ಫೋನ್ ಮಾಡ್ತೀನಿ, ಬಂದ್ಬಿಡು. ಮಟಾಟು ಬಸ್ಸು ಹತ್ತಿದ್ರೆ ಆಯ್ತು."

"ಅಂಗಡಿ ಇರತ್ತಲ್ಲ, ಅಮ್ಮಾ."

"ಒಂದಿನ ಮುಚ್ಚಿದ್ರೆ ಏನಾಗತ್ತೆ? ನಾವೇನು ಬೇರೆಯವರಾ?"

ಅದಕ್ಕೆ ವಂಜಿಕು ಸವಾ ಎನ್ನಲಿಲ್ಲ. ಸುಮ್ಮನೆ ನಕ್ಕಳು.

ತಿಂಗಳೊಳಗೆ ಅಮ್ಮ ಫೋನ್ ಮಾಡಿಯೇಬಿಟ್ಟರು. ಶನಿವಾರ ಶಾಂತಾ ಆಂಟಿಯ ಮನೆಯವರೆಲ್ಲ ಊಟಕ್ಕೆ ಬರುವವರಿದ್ದರು. ಆ ಕಡೆ ಎಣ್ಣೆ ಚುರುಗುಟ್ಟುವ ಸದ್ದು, ಗಿರಾಕಿಗಳ ಗಲಾಟೆ. ಅದರ ನಡುವೆ ವಂಜಿಕು ಕೂಗಿ ಕೇಳಿದಳು: "ಮಂದಾಜಿ ಎಷ್ಟು ಬೇಕು, ಅಮ್ಮಾ? ಶನಿವಾರ ರಶ್ಶು, ಈಗ್ಲೇ ಆರ್ಡರ್ ಕೊಡಿ."

ಅಮ್ಮ ಫೋನಿಟ್ಟು ಹೋಟೆಲಿನ ನಂಬರ್ ಹುಡುಕಿದರು.

ಶನಿವಾರ ಹೋಟೆಲಿನಿಂದ ತರಿಸಿದೆವು. ಊಟ ಸಪ್ಪೆಯಾಗಿತ್ತು. ಬಂದವರು ಅದನ್ನು ಎತ್ತಿ ಆಡಲಿಲ್ಲ. ಉಪಕಾರಸ್ಮರಣೆಯಿಲ್ಲದ ಹೆಂಗಸಿನ ಬಗ್ಗೆ ಹೊಟ್ಟೆ ತುಂಬ ಮಾತಾಡಿ ಹೋದರು.