ತಿರುಪಿನ ಲೆನ್ಸಿನ ಧರ್ಮರಾಜರು
ಜಮಖಂಡಿಯ ವಿಮಾ ಕಚೇರಿಯ ಕಾರಕೂನ ಧರ್ಮರಾಜರ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ಮಂದಿ: ಲೆನ್ಸನ್ನು ತಿರುಗಿಸಿ ಕೂಡಿಸುವವರು, ಕಟಕ್ಕನೆ ಸಿಕ್ಕಿಸುವವರು. ತಾವು ಮೊದಲನೆಯವರೆಂದು ಅವರಿಗೆ ಭಾರೀ ಅಭಿಮಾನ. ಅವರ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದ ಬಾಯಿಗೆ ಸ್ಕ್ರೂವಿನಂಥ ಸುತ್ತುಗಳಿವೆ. ಗುಜರಿಯಲ್ಲಿ ಯಾವ ಲೆನ್ಸ್ ಕಂಡರೂ ತಮ್ಮ ಕ್ಯಾಮೆರಾಕ್ಕೆ ಹಚ್ಚಿ ನೋಡದೆ ಬಿಡುವವರಲ್ಲ. ಕೂಡದಿದ್ದರೆ "ಜಾತಕ ಕೂಡಲಿಲ್ರಿ" ಎಂದು ನಗುತ್ತಲೇ ಮರಳಿಸುತ್ತಾರೆ. ಮದುವೆಗೆ ಹೋದರೆ ಫೋಟೋಗ್ರಾಫರನ ಲೆನ್ಸ್ ಬಿಚ್ಚಿಸಿ ನೋಡುವ ತನಕ ಊಟಕ್ಕೆ ಏಳುವುದಿಲ್ಲ. ಹೆಂಡತಿ ಸರಿತಾ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಹಾಕುವಾಗಲೂ ಪಾಠ: "ಅವಸರ ಮಾಡಬ್ಯಾಡ, ಮೊದಲನೇ ಸುತ್ತು ತಾನ ಹಿಡೀತೈತಿ." "ನನ್ನ ತಲಿ ತಿರುಗಸಬ್ಯಾಡ್ರಿ!" ಎಂದು ಆಕೆ ಗದರುತ್ತಾರೆ. ಹೋದ ಚಳಿಗಾಲ ಇಬ್ಬರೂ ಗಲಗಲಿಯ ಹೊಳೆದಂಡೆಗೆ ಹೋಗಿದ್ದಾಗ ಧರ್ಮರಾಜರು ಒಂದು ದೋಣಿಯತ್ತ ಕ್ಯಾಮೆರಾ ಹಿಡಿದು ಬಹಳ ಹೊತ್ತು ನಿಂತರು. ಆ ಕ್ಯಾಮೆರಾದ ಕಿಂಡಿಯಲ್ಲಿ ದೋಣಿ ಮೊದಲು ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸಿ ಎರಡನ್ನೂ ಒಂದು ಮಾಡಿದರಷ್ಟೇ ಚಿತ್ರ ಸ್ಪಷ್ಟ. ಅಂದು ಅವರಿಗೆ ಒಂದಾಗಲೇ ಇಲ್ಲ. "ಕಣ್ಣು ಮಬ್ಬಾಗ್ಯಾವ ಸರಿತಾ, ಇನ್ನ ಸಾಕು" ಎಂದು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಬಿಟ್ಟರು. ಆಕೆ ಅದನ್ನು ಹೊರತೆಗೆದು, ಕಿಂಡಿಗೆ ಕಣ್ಣಿಟ್ಟು, ಲೆನ್ಸನ್ನು ನಿಧಾನಕ್ಕೆ ತಿರುಗಿಸಿದರು. ಗಂಡನ ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟು, "ದೋಣಿ ಒಂದ ಆತ್ರಿ, ಒತ್ರಿ ಈಗ!" ಎಂದರು. ಈಗ ಎಲ್ಲಿಗೆ ಹೋದರೂ ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಒಂದೇ ಕ್ಯಾಮೆರಾದ ಹಿಂದೆ ನಿಲ್ಲುತ್ತಾರೆ. ಅದನ್ನು ಕಂಡು ಎದುರಿಗಿದ್ದವರು ನಗುತ್ತಾರೆ, ಆ ನಗುವೇ ಫೋಟೋದಲ್ಲಿ ಬೀಳುತ್ತದೆ.